ಕೂಡುವಸತಿ: ಒಳಬರುವವರು, ಹೊರಹೋಗುವವರು

ಪ್ರತಿಯೊಂದು ಕುಟುಂಬಕ್ಕೂ ಅಡುಗೆಮನೆ ಸಹಿತವಾದ ಸ್ವಂತ ಮನೆಯಿದ್ದು, ಅದರ ಜೊತೆಗೆ ಒಂದು ದೊಡ್ಡ ಊಟದ ಮನೆ, ಬಟ್ಟೆ ಒಗೆಯುವ ಕೋಣೆ, ಮಕ್ಕಳ ಆಟದ ಜಾಗ, ತೋಟ, ಕೆಲವೊಮ್ಮೆ ಹೊಲವನ್ನೂ ಎಲ್ಲರೂ ಸೇರಿ ಹೊಂದಿ, ಸೇರಿಯೇ ನಡೆಸಿಕೊಂಡು ಹೋಗುವ ವಸತಿಕ್ರಮಕ್ಕೆ ಪಶ್ಚಿಮ ದೇಶಗಳಲ್ಲಿ ಕೋಹೌಸಿಂಗ್ ಎಂಬ ಹೆಸರು ನಿಂತಿದೆ. ಈ ಬರಹದಲ್ಲಿ ಅದನ್ನು ಕೂಡುವಸತಿ ಎಂದು ಕರೆಯಲಾಗಿದೆ. ಇಂಥ ವಸತಿಯನ್ನು ನಗರದ ಆಚೆ, ಕೃಷಿಭೂಮಿಯ ನಡುವೆ, ನೆಲ ನೀರು ಇಂಧನಗಳ ಮೇಲೆ ಆದಷ್ಟು ಕಡಿಮೆ ಹೊರೆ ಹಾಕುವ ಸಂಕಲ್ಪದಿಂದ ಕಟ್ಟಿದಾಗ ಅದು ಬರಿಯ ಮನೆಗಳ ಪ್ರಶ್ನೆಯಾಗಿ ಉಳಿಯದೆ, ಜನರು ಒಟ್ಟಿಗೆ ಹೇಗೆ ಬಾಳಬೇಕೆಂಬ ಪ್ರಶ್ನೆಯಾಗುತ್ತದೆ. ಆ ಪ್ರಶ್ನೆಗೆ ನಿಜವಾಗಿಯೂ ಎರಡು ಪಕ್ಷಗಳಿರುವುದರಿಂದ ಇಲ್ಲಿ ಅದನ್ನು ಇಬ್ಬರ ಮಾತುಗಳ ಮೂಲಕ ಪರಿಶೀಲಿಸಲಾಗಿದೆ. ಒಬ್ಬರು ಮಲೆನಾಡಿನ ಅವಿಭಕ್ತ ಕುಟುಂಬದಲ್ಲಿ ಬೆಳೆದು, ಗ್ರಾಮೀಣ ಅರ್ಥಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಬೆಂಗಳೂರಿನ ಹೊರವಲಯದಲ್ಲಿ ಕೂಡುವಸತಿ ಕಟ್ಟಬೇಕೆಂದಿರುವ ಕೆಲವು ಕುಟುಂಬಗಳಿಗಾಗಿ ನಕ್ಷೆ ಸಿದ್ಧಪಡಿಸುತ್ತಿರುವ ಯುವ ವಾಸ್ತುಶಿಲ್ಪಿ.

ಮೇಷ್ಟ್ರು: ಮೊದಲು ಇತ್ಯರ್ಥವಾಗಬೇಕಾದದ್ದು ಒಂದಿದೆಯಮ್ಮ. ಒಂದೇ ಅಂಗಳ, ಒಟ್ಟಿಗೆ ಊಟ, ಯಾರ ಮಗುವಾದರೂ ಎಲ್ಲರ ಕಣ್ಗಾವಲಿನಲ್ಲಿ ಬೆಳೆಯುವುದು, ಸುಗ್ಗಿಯಲ್ಲಿ ಎಲ್ಲರ ಕೈ ಸೇರುವುದು, ಇವೆಲ್ಲ ಕೊಡಗಿನ ಐನ್‌ಮನೆಯಲ್ಲಿ, ದಕ್ಷಿಣ ಕನ್ನಡದ ಗುತ್ತಿನ ಮನೆಯಲ್ಲಿ, ಮಲೆನಾಡಿನ ದೊಡ್ಡ ಕುಟುಂಬಗಳಲ್ಲಿ ಇದ್ದ ಸಂಗತಿಗಳೇ. ಆ ಮನೆಗಳನ್ನು ಹಿಸ್ಸೆ ಮಾಡಿಕೊಂಡು ಪಟ್ಟಣ ಸೇರಿದವರ ಮಕ್ಕಳು ಇಂದು ಅದನ್ನೇ ದುಬಾರಿ ಬೆಲೆ ತೆತ್ತು ಮರಳಿ ಕೊಳ್ಳಲು ಹೊರಟಿದ್ದಾರೆ ಎಂದು ಹೇಳಿದರೆ ತಪ್ಪಾಗುತ್ತದೆಯೇ?

ವಾಸ್ತುಶಿಲ್ಪಿ: ಹೊರನೋಟಕ್ಕೆ ಹೋಲಿಕೆ ಇರುವುದು ನಿಜ, ಮೇಷ್ಟ್ರೇ, ಆದರೆ ಹುಟ್ಟಿದ ಕಾರಣ ಬೇರೆ. ಡೆನ್ಮಾರ್ಕಿನಲ್ಲಿ 1960ರ ದಶಕದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಹೊರಗಿನ ಉದ್ಯೋಗಕ್ಕೆ ಹೋಗತೊಡಗಿದಾಗ, ಬೇಲಿಯೊಳಗಿನ ಒಂಟಿ ಮನೆಗಳಲ್ಲಿ ಅಡುಗೆ ಮತ್ತು ಮಕ್ಕಳ ಪಾಲನೆಯ ಹೊರೆ ಹಾಗೆಯೇ ಉಳಿಯಿತು. ಯಾನ್ ಗುಡ್‌ಮಂಡ್ ಹೋಯರ್ ಎಂಬ ವಾಸ್ತುಶಿಲ್ಪಿ 1964ರಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಕೋಪನ್‌ಹೇಗನ್ ಬಳಿಯ ಹಾರೆಸ್ಕೋವ್‌ನಲ್ಲಿ ಸಮೂಹವಸತಿಯ ಯೋಜನೆ ಹಾಕಿದರೂ, ನೆರೆಯವರ ವಿರೋಧದಿಂದ ಅದು ನಿಂತುಹೋಯಿತು. 1967ರಲ್ಲಿ ಬೋಡಿಲ್ ಗ್ರೇ ಎಂಬ ಲೇಖಕಿ, ಮಗುವಿಗೆ ಹೆತ್ತವರಷ್ಟೇ ಅಲ್ಲದೆ ನೂರು ಮಂದಿ ಪೋಷಕರಿರಬೇಕು ಎಂಬ ಆಶಯದ ಲೇಖನವನ್ನು ಪತ್ರಿಕೆಯಲ್ಲಿ ಬರೆದರು. ಮರುವರ್ಷ ಗುಡ್‌ಮಂಡ್ ಹೋಯರ್ ಅವರೂ ತಮ್ಮ ಕಲ್ಪನೆಯನ್ನು ಪ್ರಕಟಿಸಿದರು. ಎರಡನ್ನೂ ಓದಿ ಮುಂದೆ ಬಂದ ಕುಟುಂಬಗಳು ಸೇರಿ 1972ರಲ್ಲಿ ಹಿಲ್ಲರಡ್ ಪಟ್ಟಣದ ಬಳಿ 27 ಮನೆಗಳ ಸೆಟ್ಟೆಡಮ್ಮೆನ್ ಎಂಬ ವಸತಿಯನ್ನು ಕಟ್ಟಿದವು. ಅಲ್ಲಿ ಯಜಮಾನನಿಲ್ಲ, ಅತ್ತೆಯಿಲ್ಲ, ಹುಟ್ಟಿನಿಂದ ಬಂದ ಸ್ಥಾನವೂ ಇಲ್ಲ; ಆರಿಸಿಕೊಂಡು ಬಂದ ನೆರೆಹೊರೆಯಷ್ಟೇ ಇದೆ.

ಮೇಷ್ಟ್ರು: ಹಾಗಾದರೆ ಅದು ಆಶ್ರಮವೇ? ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ 1910ರಲ್ಲಿ ಆರಂಭಿಸಿದ ಟಾಲ್‌ಸ್ಟಾಯ್ ಫಾರ್ಮಿನಲ್ಲಿಯೂ ರಕ್ತಸಂಬಂಧವಿಲ್ಲದ ಕುಟುಂಬಗಳು ಒಂದೇ ಅಡುಗೆಯನ್ನು ಉಂಡು, ಕೈಯಾರೆ ದುಡಿದು ಬದುಕಿದ್ದುಂಟು.

ವಾಸ್ತುಶಿಲ್ಪಿ: ಆಶ್ರಮಕ್ಕೂ ಕೂಡುವಸತಿಗೂ ನಡುವೆ ಇರುವ ಗೆರೆ ಎಂದರೆ ಹಣದ ಗೆರೆ. ಡೆನ್ಮಾರ್ಕಿನಲ್ಲಿಯೇ 1978ರಲ್ಲಿ ಆರಂಭವಾದ ಸ್ವಾನ್‌ಹೋಲ್ಮ್ ಎಂಬ ಹಳ್ಳಿಗಾಡಿನ ಸಮುದಾಯದಲ್ಲಿ ಸದಸ್ಯರ ಆದಾಯ ಒಂದೇ ಹುಂಡಿಗೆ ಸೇರುತ್ತದೆ. ಅದನ್ನು ಕಮ್ಯೂನ್ ಎನ್ನುತ್ತಾರೆ. ಕೂಡುವಸತಿಯಲ್ಲಿ ಸಂಬಳ, ಉಳಿತಾಯ, ಸಾಲ ಎಲ್ಲವೂ ಆಯಾ ಮನೆಯವು. ಹಂಚಿಕೊಳ್ಳುವುದು ಜಾಗವನ್ನು, ಕೆಲಸವನ್ನು, ತೀರ್ಮಾನವನ್ನು ಮಾತ್ರ. ಧಾರ್ಮಿಕ ಗುರುವೂ ಇಲ್ಲ, ಒಪ್ಪಿಕೊಳ್ಳಲೇಬೇಕಾದ ತತ್ತ್ವವೂ ಇಲ್ಲ. ಬಾಗಿಲು ಹಾಕಿಕೊಂಡು ಸ್ವಂತ ಅಡುಗೆಮನೆಯಲ್ಲಿ ಒಬ್ಬರೇ ಗಂಜಿ ಕುಡಿಯುವ ಹಕ್ಕನ್ನು ಯಾರೂ ಕಸಿದುಕೊಳ್ಳುವುದಿಲ್ಲ.

ಇಬ್ಬರೂ ಇಲ್ಲಿಂದ ಮುಂದೆ ಒಂದು ನಿರ್ದಿಷ್ಟ ಉದಾಹರಣೆಯನ್ನು ಇಟ್ಟುಕೊಂಡು ಮಾತನಾಡಲು ಒಪ್ಪಿದರು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯವಿರುವ ಇಥಾಕಾ ಪಟ್ಟಣದ ಹೊರಗಿನ ಗುಡ್ಡದ ಮೇಲೆ 1991ರಲ್ಲಿ ಸಂಕಲ್ಪಗೊಂಡ ಇಕೋವಿಲೇಜ್ ಅಟ್ ಇಥಾಕಾ ಅವರು ಆರಿಸಿಕೊಂಡ ಉದಾಹರಣೆ. ಜೋನ್ ಬೊಕೇರ್ ಮತ್ತು ಲಿಜ್ ವಾಕರ್ ಎಂಬ ಇಬ್ಬರು ಮಹಿಳೆಯರು ಮೊದಲು ಮುಂದೆ ನಿಂತ ಈ ವಸತಿಯಲ್ಲಿ 175 ಎಕರೆ ಜಮೀನಿದ್ದು, ಮೂರು ನೆರೆಹೊರೆಗಳಾಗಿ ಸುಮಾರು ಎರಡು ದಶಕಗಳಲ್ಲಿ 100 ಮನೆಗಳು ಎದ್ದಿವೆ: ಮೊದಲೆರಡರಲ್ಲಿ ಮೂವತ್ತು ಮೂವತ್ತು, ಮೂರನೆಯದರಲ್ಲಿ ನಲವತ್ತು.

ಮೇಷ್ಟ್ರು: ನೂರು ಮನೆಗಳಿಗೆ 175 ಎಕರೆ ಎಂದರೆ ಅದು ಮಿತವ್ಯಯದ ಲೆಕ್ಕವಾಗಿ ಕಾಣುವುದಿಲ್ಲ. ಮಂಡ್ಯದ ಒಂದು ಹಳ್ಳಿಯಲ್ಲಿ ನೂರು ಮನೆಗಳು ಕೆಲವೇ ಎಕರೆಯ ಜಾಗದಲ್ಲಿ ಅಡಕವಾಗಿರುತ್ತವೆ.

ವಾಸ್ತುಶಿಲ್ಪಿ: ಆ ನೂರು ಮನೆಗಳೂ ಅಡಕವಾಗಿಯೇ ಇವೆ, ಮೇಷ್ಟ್ರೇ. ಅದೇ ಜಮೀನಿನ ಮೇಲೆ ಹಿಂದೆ ಒಬ್ಬ ಬಿಲ್ಡರ್ ಹಾಕಿದ್ದ ಯೋಜನೆಯಲ್ಲಿ ಮನೆಗೊಂದು ಎಕರೆಯಂತೆ ಸುಮಾರು 150 ಮನೆಗಳಿದ್ದು, ಜಮೀನಿನ ಬಹುಪಾಲು ರಸ್ತೆ, ಗ್ಯಾರೇಜು, ಹುಲ್ಲುಹಾಸುಗಳಿಗೆ ಹೋಗಿಬಿಡುತ್ತಿತ್ತು. ಕೂಡುವಸತಿಯವರು ಲೆಕ್ಕವನ್ನು ತಿರುವಿಹಾಕಿ, ಶೇಕಡಾ 90ರಷ್ಟನ್ನು ಹೊಲ, ಹುಲ್ಲುಗಾವಲು, ಕಾಡಾಗಿ ಉಳಿಸಿಕೊಳ್ಳುವ ಗುರಿಯಿಟ್ಟು ಮನೆಗಳನ್ನು ಒತ್ತೊತ್ತಾಗಿ ಕಟ್ಟಿಕೊಂಡರು. ಮೊದಲ ನೆರೆಹೊರೆಯಲ್ಲಿ ಎರಡೆರಡು ಮನೆಗಳು ಒಂದು ಗೋಡೆಯನ್ನು ಹಂಚಿಕೊಳ್ಳುತ್ತವೆ, ಎದುರುಬದುರು ಸಾಲುಗಳ ನಡುವೆ ಕಾಲುದಾರಿ ಮಾತ್ರ ಇದೆ, ಕಾರುಗಳು ವಸತಿಯ ಅಂಚಿನಲ್ಲಿಯೇ ನಿಲ್ಲುತ್ತವೆ. ಚಳಿಗಾಲದ ಬಿಸಿಲು ಒಳಗೆ ಬರುವಂತೆ ದಕ್ಷಿಣಕ್ಕೆ ದೊಡ್ಡ ಕಿಟಕಿಗಳನ್ನಿಟ್ಟು, ಗೋಡೆಗಳಿಗೆ ದಪ್ಪನಾದ ಉಷ್ಣನಿರೋಧಕವನ್ನು ತುಂಬಿದ್ದಾರೆ. ಹಿಮ ಸುರಿಯುವ ಆ ಪ್ರದೇಶದಲ್ಲಿ ಮನೆಯನ್ನು ಬೆಚ್ಚಗಿಡುವುದಕ್ಕೇ ಹೆಚ್ಚು ಇಂಧನ ವ್ಯಯವಾಗುವುದರಿಂದ ಈ ವ್ಯವಸ್ಥೆಗೆ ತುಂಬ ಬೆಲೆಯಿದೆ.

ಮೇಷ್ಟ್ರು: ಗೋಡೆಯ ದಪ್ಪ, ಕಿಟಕಿಯ ದಿಕ್ಕು ಒಬ್ಬ ಜಾಣ ಎಂಜಿನಿಯರನ ಕೆಲಸ, ಅದಕ್ಕೆ ನೂರು ಕುಟುಂಬಗಳು ಒಟ್ಟಿಗೆ ಬಾಳಬೇಕಾಗಿಲ್ಲ.

ವಾಸ್ತುಶಿಲ್ಪಿ: ಒಟ್ಟಿಗೆ ಬಾಳಿದಾಗ ಮಾತ್ರ ಸಿಗುವ ಉಳಿತಾಯವೂ ಇದೆ. ಸಮೂಹದ ಮನೆಯೊಂದರಲ್ಲಿ ದೊಡ್ಡ ಊಟದ ಹಜಾರ, ಅತಿಥಿಗಳ ಕೋಣೆ, ಬಟ್ಟೆ ಒಗೆಯುವ ಯಂತ್ರ, ಮಕ್ಕಳ ಕೋಣೆಗಳಿದ್ದರೆ ಪ್ರತಿ ಮನೆಯೂ ವರ್ಷಕ್ಕೆ ಹತ್ತು ದಿನ ಬಳಕೆಯಾಗುವ ಕೋಣೆಗಳನ್ನು ಕಟ್ಟಿಕೊಳ್ಳಬೇಕಿಲ್ಲ. ಏಣಿ, ಗರಗಸ, ಹುಲ್ಲು ಕತ್ತರಿಸುವ ಯಂತ್ರ ಮನೆಗೊಂದು ಬೇಕಾಗಿಲ್ಲ. ಮನೆ ಚಿಕ್ಕದಾದರೆ ಕಟ್ಟುವ ಸಾಮಗ್ರಿ, ಬೆಚ್ಚಗಿಡುವ ಇಂಧನ, ಗುಡಿಸುವ ಶ್ರಮ ಮೂರೂ ಕಡಿಮೆಯಾಗುತ್ತವೆ. ಇದು ಯಂತ್ರದಿಂದ ಬಂದ ಉಳಿತಾಯವಲ್ಲ, ನೆರೆಯವರ ಮೇಲಿನ ನಂಬಿಕೆಯಿಂದ ಬಂದದ್ದು.

ಈ ಮಾತನ್ನು ಮೇಷ್ಟ್ರು ನಿರಾಕರಿಸಲಿಲ್ಲ. ನಿಜ ಹೇಳಬೇಕೆಂದರೆ ಪರಿಸರಸ್ನೇಹಿ ವಸತಿಗಳ ಬಗ್ಗೆ ಬರುವ ಬಹುಪಾಲು ಬರವಣಿಗೆ ಸೌರಫಲಕಗಳ ಸಂಖ್ಯೆಯಲ್ಲಿಯೇ ಕಳೆದುಹೋಗುತ್ತದೆ. ಯಾರು ಅಡುಗೆ ಮಾಡುತ್ತಾರೆ, ಯಾರು ಪಾತ್ರೆ ತೊಳೆಯುತ್ತಾರೆ ಎಂಬುದನ್ನು ಕೇಳಿದಾಗಲೇ ಅಂಥ ವಸತಿಯ ನಿಜವಾದ ಅಡಿಪಾಯ ಕಾಣಿಸುತ್ತದೆ. ಸಂವಾದವೂ ಅಲ್ಲಿಗೇ ಬಂದು ನಿಂತಿತು.

ಮೇಷ್ಟ್ರು: ನಂಬಿಕೆ ಎಂಬ ಮಾತನ್ನು ಅಡುಗೆಮನೆಗೆ ತಂದು ನೋಡೋಣ. ಅವಿಭಕ್ತ ಕುಟುಂಬದ ಒಗ್ಗಟ್ಟನ್ನು ಹೊಗಳುವವರು ಮರೆಯುವ ಸಂಗತಿ ಏನೆಂದರೆ, ಆ ಒಗ್ಗಟ್ಟು ನಿಂತಿದ್ದುದು ನಸುಕಿನಲ್ಲಿ ಎದ್ದು ನಲವತ್ತು ಜನರಿಗೆ ರೊಟ್ಟಿ ತಟ್ಟುತ್ತಿದ್ದ, ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದ ಸೊಸೆಯಂದಿರ ಹೆಗಲ ಮೇಲೆ. ಅವರ ಶ್ರಮ ಯಾವ ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ. ಹೊಸ ವಸತಿಯಲ್ಲಿ ಆ ಕೆಲಸ ಯಾರ ಪಾಲಿಗೆ ಬಂದಿದೆ?

ವಾಸ್ತುಶಿಲ್ಪಿ: ಸರದಿಯ ಪಾಲಿಗೆ. ಇಥಾಕಾದಲ್ಲಿ ವಾರಕ್ಕೆ ಕೆಲವು ರಾತ್ರಿ ಸಮೂಹದ ಮನೆಯಲ್ಲಿ ಊಟವಿರುತ್ತದೆ. ಬೇಕಾದವರು ಹೆಸರು ಬರೆಸಿ ಬರುತ್ತಾರೆ, ಬೇಡವಾದವರು ತಮ್ಮ ಮನೆಯಲ್ಲಿ ಉಣ್ಣುತ್ತಾರೆ. ಪ್ರತಿ ವಯಸ್ಕರೂ ವಾರಕ್ಕೆ ಎರಡು ಮೂರು ಗಂಟೆಗಳನ್ನು ಸಮುದಾಯದ ಕೆಲಸಕ್ಕೆ ಕೊಡಬೇಕೆಂಬ ನಿರೀಕ್ಷೆ ಇದ್ದು, ಅಡುಗೆಯ ತಂಡ, ಪಾತ್ರೆ ತೊಳೆಯುವ ತಂಡ, ದುರಸ್ತಿಯ ತಂಡ, ಹಣಕಾಸಿನ ತಂಡ, ಹೊರಾಂಗಣದ ತಂಡ ಎಂದು ಕೆಲಸ ಹಂಚಿಕೆಯಾಗಿದೆ. ಡೆನ್ಮಾರ್ಕಿನ ಮೊದಲ ವಸತಿಗಳ ಗುಟ್ಟೂ ಇದೇ: ಮೂವತ್ತು ಮನೆಗಳ ವಯಸ್ಕರು ಸರದಿ ಹಂಚಿಕೊಂಡರೆ ಒಬ್ಬರಿಗೆ ಅಡುಗೆಯ ಸರದಿ ತಿಂಗಳಿಗೆ ಒಂದೋ ಎರಡೋ ಸಲ ಮಾತ್ರ ಬರುತ್ತದೆ, ಉಳಿದ ಸಂಜೆಗಳಲ್ಲಿ ಬೇಯಿಸಿದ ಅನ್ನ ಕಾದಿರುತ್ತದೆ. ದಿನವಿಡೀ ದುಡಿದು ಬಂದ ತಾಯಿಯೊಬ್ಬಳಿಗೆ ಇದು ಸೌರಫಲಕಕ್ಕಿಂತ ದೊಡ್ಡ ಸುಧಾರಣೆ. ಗಂಡಸರಿಗೂ ಸರದಿ ತಪ್ಪುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡದು.

ಮೇಷ್ಟ್ರು: ಸರದಿ ತಪ್ಪಿಸುವವರೂ ಇರುತ್ತಾರಲ್ಲ. ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು: ಇಂದು ಒಬ್ಬನ ಗದ್ದೆಯ ನಾಟಿಗೆ ಊರಿನವರು ಬಂದರೆ, ನಾಳೆ ಅವನು ಅವರ ಗದ್ದೆಗೆ ಹೋಗಿ ಅಷ್ಟೇ ಆಳುದಿನಗಳನ್ನು ತೀರಿಸುತ್ತಿದ್ದ. ಬರೆದಿಟ್ಟ ಲೆಕ್ಕವಿರಲಿಲ್ಲ, ದಂಡವೂ ಇರಲಿಲ್ಲ. ಆದರೆ ತೀರಿಸದವನ ಗದ್ದೆಗೆ ಮುಂದಿನ ಮಳೆಗಾಲ ಯಾರೂ ಇಳಿಯುತ್ತಿರಲಿಲ್ಲ. ಹೊಟ್ಟೆಯ ಭಯವೇ ಆ ಪದ್ಧತಿಯನ್ನು ಕಾಯುತ್ತಿತ್ತು. ಕೂಡುವಸತಿಯಲ್ಲಿ ಪಾತ್ರೆ ತೊಳೆಯಲು ಬಾರದವನ ಸಂಬಳಕ್ಕೆ ಏನೂ ಕೊರತೆಯಾಗುವುದಿಲ್ಲ. ಹೀಗಿರುವಾಗ ಕ್ರಮೇಣ ಕೆಲಸವೆಲ್ಲ ಸೌಜನ್ಯವುಳ್ಳ ನಾಲ್ಕಾರು ಜನರ ಮೇಲೆ ಬಿದ್ದು, ಅವರೇ ಹೊಸ ಕಾಲದ ಸೊಸೆಯಂದಿರಾಗುವುದಿಲ್ಲವೇ?

ವಾಸ್ತುಶಿಲ್ಪಿ: ಆ ಅಪಾಯ ಇದೆ ಎಂಬುದನ್ನು ಒಪ್ಪಲೇಬೇಕು. ಪಾತ್ರೆಗಿಂತ ಸೂಕ್ಷ್ಮವಾದ ಇನ್ನೊಂದು ಶ್ರಮವೂ ಇದೆ: ಸಭೆಗೆ ಬರದವರಿಗೆ ವಿಷಯ ತಿಳಿಸುವುದು, ಇಬ್ಬರು ನೆರೆಯವರ ಮನಸ್ತಾಪವನ್ನು ಇಳಿಸುವುದು, ಹೊಸಬರಿಗೆ ರೂಢಿಯನ್ನು ಕಲಿಸುವುದು. ಇದು ಯಾವ ಸರದಿಯ ಪಟ್ಟಿಯಲ್ಲೂ ಬರುವುದಿಲ್ಲ, ಕೆಲವರ ಮೇಲೆ ಮಾತ್ರ ಬೀಳುತ್ತದೆ. ಕೆಲವು ವಸತಿಗಳಲ್ಲಿ ಕೆಲಸ ಮಾಡಲಾಗದವರು ಹಣ ಕಟ್ಟಬಹುದೆಂಬ ನಿಯಮ ಮಾಡುತ್ತಾರೆ; ಹಾಗೆ ಮಾಡಿದೊಡನೆ ಸಿರಿವಂತರು ಸರದಿಯಿಂದ ಬಿಡುಗಡೆ ಪಡೆದು, ನೆರೆಹೊರೆ ಹೋಗಿ ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ ಉಳಿಯುತ್ತದೆ. ನಕ್ಷೆ ಬರೆಯುವವರಿಗೆ ಇದಕ್ಕೆ ಉತ್ತರವಿಲ್ಲ; ಅಡುಗೆಮನೆಯ ಕಿಟಕಿ ಕಾಲುದಾರಿಯ ಕಡೆಗೆ ತೆರೆಯುವಂತೆ ಇಟ್ಟು, ಜನ ಒಬ್ಬರನ್ನೊಬ್ಬರು ದಿನವೂ ನೋಡುವಂತೆ ಮಾಡುವುದಷ್ಟೇ ಅವರ ಕೈಯಲ್ಲಿರುವುದು. ಮುಖ ಕಂಡವರ ಸರದಿಯನ್ನು ತಪ್ಪಿಸುವುದು ಮುಖ ಕಾಣದವರದನ್ನು ತಪ್ಪಿಸುವಷ್ಟು ಸುಲಭವಲ್ಲ.

ಮೇಷ್ಟ್ರು: ತೀರ್ಮಾನಗಳ ವಿಷಯವೇನು? ಒಮ್ಮತದಿಂದ ನಡೆಯುತ್ತದೆ ಎಂದು ಕೇಳಿಬಂದಿದೆ.

ವಾಸ್ತುಶಿಲ್ಪಿ: ಹೌದು, ಇಂಥ ಬಹುತೇಕ ವಸತಿಗಳಲ್ಲಿ ಬಹುಮತಕ್ಕಿಂತ ಒಮ್ಮತಕ್ಕೆ ಪ್ರಾಶಸ್ತ್ಯ. ಒಮ್ಮತವೆಂದರೆ ಎಲ್ಲರಿಗೂ ಇಷ್ಟವಾಗಬೇಕೆಂದಲ್ಲ. ಒಂದು ಪ್ರಸ್ತಾವ ಸಮುದಾಯಕ್ಕೇ ಹಾನಿಕರವೆಂದು ಯಾರೊಬ್ಬರೂ ತಡೆಯದ ಸ್ಥಿತಿಗೆ ಬರುವವರೆಗೆ ಅದನ್ನು ತಿದ್ದುತ್ತಾ ಹೋಗುವುದು. ಸಾಕುನಾಯಿಯನ್ನು ಕಟ್ಟಿಹಾಕಬೇಕೇ ಎಂಬಂಥ ವಿಷಯಕ್ಕೂ ಹಲವು ಸಂಜೆಗಳು ಹಿಡಿಯುವುದುಂಟು. ಅದು ದಣಿಸುತ್ತದೆ, ಆದರೆ ಸೋತ ಪಕ್ಷವೆಂಬುದು ಉಳಿಯುವುದಿಲ್ಲ.

ಮೇಷ್ಟ್ರು: ದೀರ್ಘಕಾಲ ಬಾಳಿದ ಸಮುದಾಯಗಳ ಗುಟ್ಟು ಸಭೆಯಲ್ಲ, ಅಳೆಯಲು ಬರುವ ನಿಯಮ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಪರ್ವತಗ್ರಾಮದಲ್ಲಿ 1517ರ ನಿಯಮವೊಂದರ ಪ್ರಕಾರ, ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ಹಸುಗಳನ್ನು ಸಾಕಬಲ್ಲನೋ ಅದಕ್ಕಿಂತ ಹೆಚ್ಚು ಹಸುಗಳನ್ನು ಯಾರೂ ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡುವಂತಿರಲಿಲ್ಲ. ಎಲಿನಾರ್ ಆಸ್ಟ್ರಮ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಊರೊಟ್ಟಿನ ಸಂಪನ್ಮೂಲಗಳನ್ನು ಶತಮಾನಗಳ ಕಾಲ ಉಳಿಸಿಕೊಂಡ ಸಮುದಾಯಗಳನ್ನು ಪರೀಕ್ಷಿಸಿದ್ದಾರೆ. ಅದಕ್ಕಾಗಿಯೇ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡದ್ದು, ಯಾರಿಗೆ ಹಕ್ಕಿದೆ ಎಂಬ ಸ್ಪಷ್ಟ ಎಲ್ಲೆ, ಊರಿನವರೇ ನೇಮಿಸಿದ ಕಾವಲು, ಸಣ್ಣ ತಪ್ಪಿಗೆ ಸಣ್ಣ ದಂಡ ಮತ್ತು ಪುನರಾವರ್ತಿತ ತಪ್ಪಿಗೆ ದೊಡ್ಡ ದಂಡ. ಹಳೆಯ ಮೈಸೂರಿನ ಕೆರೆಗಳಲ್ಲಿ ತೂಬು ತೆರೆದು ಗದ್ದೆಗದ್ದೆಗೂ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯೂ ಇದೇ ಬಗೆಯ ವ್ಯವಸ್ಥೆಯ ಭಾಗ. ಅವನಿಗೆ ಊರಿನವರೆಲ್ಲರ ಒಮ್ಮತ ಬೇಕಿರಲಿಲ್ಲ, ಪಾಲು ಗೊತ್ತಿದ್ದರೆ ಸಾಕಿತ್ತು.

ವಾಸ್ತುಶಿಲ್ಪಿ: ಆಸ್ಟ್ರಮ್ ಅವರ ಪಟ್ಟಿಯಲ್ಲಿ ಇನ್ನೊಂದಿದೆ, ಅದನ್ನು ಬಿಡಬಾರದು, ಮೇಷ್ಟ್ರೇ: ನಿಯಮಕ್ಕೆ ಒಳಪಡುವವರಿಗೆ ಆ ನಿಯಮವನ್ನು ಬದಲಿಸುವುದರಲ್ಲಿ ಭಾಗವಿರಬೇಕು. ನೀರುಗಂಟಿ ಪಾಲಿನಂತೆ ನೀರು ಬಿಟ್ಟ, ನಿಜ. ಪಾಲೇ ಇಲ್ಲದ ಕೇರಿಯವರನ್ನು ಯಾವ ಸಭೆ ಕೇಳಿತು?

ಮೇಷ್ಟ್ರು ಈ ಪ್ರಶ್ನೆಗೆ ಕೂಡಲೇ ಉತ್ತರಿಸಲಿಲ್ಲ, ಮತ್ತು ಉತ್ತರಿಸದೆ ಮುಂದೆ ಹೋಗಬಾರದ ಪ್ರಶ್ನೆ ಅದು ಎಂಬುದು ಇಬ್ಬರಿಗೂ ತಿಳಿದಿತ್ತು. ಆದರೂ ಅವರು ಮೊದಲು ಎತ್ತಿಕೊಂಡದ್ದು ಅದರ ಮತ್ತೊಂದು ಮುಖವನ್ನು, ಅಂದರೆ ಕೂಡುವಸತಿಗೆ ಯಾರು ಬರಬಲ್ಲರು, ಬಂದವರು ಹೇಗೆ ಬಿಟ್ಟುಹೋಗಬಲ್ಲರು ಎಂಬುದನ್ನು. ಈ ವಿಷಯದಲ್ಲಿಯೇ ಎರಡೂ ಪಕ್ಷಗಳ ಬಲ ಮತ್ತು ದೌರ್ಬಲ್ಯ ಹೆಚ್ಚು ಸ್ಪಷ್ಟವಾಗುತ್ತವೆ.

ಮೇಷ್ಟ್ರು: ಅವಿಭಕ್ತ ಕುಟುಂಬದಲ್ಲಿ ಒಳಗೆ ಬರಲು ಹಣ ಬೇಕಿರಲಿಲ್ಲ, ಹುಟ್ಟಿದರೆ ಸಾಕಿತ್ತು, ಕುಂಟನಿಗೂ, ಕುರುಡನಿಗೂ, ಗಂಡ ಸತ್ತವಳಿಗೂ ಒಂದು ಮೂಲೆ, ಒಂದು ಎಲೆ ಇತ್ತು. ಕೂಡುವಸತಿಯಲ್ಲಿ ಮನೆ ಕೊಳ್ಳಲು ಹಣವಿದ್ದವರಿಗೆ ಮಾತ್ರ ಪ್ರವೇಶ. ಸುತ್ತಲೂ ಹಸಿರು, ಒಳ್ಳೆಯ ನೆರೆ, ಮಕ್ಕಳಿಗೆ ಸುರಕ್ಷಿತ ಅಂಗಳ ಇರುವಲ್ಲಿ ಮನೆಯ ಬೆಲೆ ಏರದೆ ಇರುವುದಿಲ್ಲ. ವಸತಿ ಎಷ್ಟು ಚೆನ್ನಾಗಿ ನಡೆಯುತ್ತದೋ ಅಷ್ಟು ಬಡವರಿಗೆ ದೂರವಾಗುತ್ತದೆ.

ವಾಸ್ತುಶಿಲ್ಪಿ: ಆ ಮೂಲೆಯಿಂದ, ಆ ಎಲೆಯಿಂದ ಎದ್ದುಹೋಗಲು ಅವಳಿಗೆ ದಾರಿ ಇತ್ತೇ? ಹಿಂಸೆಯಾದರೂ ಹೊರಡಲಾಗದ ಮನೆಯನ್ನು ಆಶ್ರಯ ಎನ್ನುವುದು ಕಷ್ಟ. ಕೂಡುವಸತಿಯಲ್ಲಿ ಒಗ್ಗದವರು ತಮ್ಮ ಮನೆಯನ್ನು ಮಾರಿ ಹೋಗಬಹುದು. ಹೋಗುವ ಸ್ವಾತಂತ್ರ್ಯವಿರುವುದರಿಂದಲೇ ಉಳಿದವರ ಉಳಿಯುವಿಕೆಗೆ ಅರ್ಥ ಬರುತ್ತದೆ.

ಮೇಷ್ಟ್ರು: ಮಾರುವ ಸ್ವಾತಂತ್ರ್ಯವೇ ಬೆಲೆಯನ್ನು ಏರಿಸುತ್ತದೆಯಮ್ಮ, ಗಂಟು ಇರುವುದು ಅಲ್ಲಿಯೇ. ಹೊರಗೆ ಹೋಗುವ ದಾರಿಯನ್ನು ಮಾರುಕಟ್ಟೆಯ ಕೈಗೆ ಕೊಟ್ಟರೆ ಒಳಗೆ ಬರುವ ದಾರಿ ತಾನಾಗಿ ಕಿರಿದಾಗುತ್ತದೆ. ಮಾರಾಟವನ್ನು ನಿಷೇಧಿಸಿದರೆ ಒಳಗಿದ್ದವರು ಹಳೆಯ ಮನೆಯ ಸೊಸೆಯಂತೆ ಸಿಕ್ಕಿಬೀಳುತ್ತಾರೆ.

ವಾಸ್ತುಶಿಲ್ಪಿ: ಆ ಗಂಟನ್ನು ಸ್ವಲ್ಪ ಸಡಿಲಿಸಿದವರಿದ್ದಾರೆ. ಡೆನ್ಮಾರ್ಕಿನ ರೋಸ್ಕಿಲ್ಡೆ ಬಳಿ ಸಾವಯವ ಕೃಷಿಭೂಮಿಯ ಪಕ್ಕದಲ್ಲಿ 2000ದಲ್ಲಿ ಪೂರ್ಣಗೊಂಡ ಮುಂಕ್ಸೋಗೋರ್ ಎಂಬ ವಸತಿಯಲ್ಲಿ ಇಪ್ಪತ್ತಿಪ್ಪತ್ತು ಮನೆಗಳ ಐದು ಗುಂಪುಗಳಿದ್ದು, ಒಂದು ಗುಂಪಿನವರು ಸ್ವಂತಕ್ಕೆ ಮನೆ ಕೊಂಡವರು, ಒಂದು ಗುಂಪಿನವರು ಸಹಕಾರ ಸಂಘದ ಷೇರುದಾರರು, ಉಳಿದ ಮೂರು ಗುಂಪುಗಳ ಮನೆಗಳು ಬಾಡಿಗೆಯವು. ಆ ಬಾಡಿಗೆ ಮನೆಗಳಲ್ಲಿ ಒಂದು ಗುಂಪು ಯುವಜನರಿಗೆ, ಒಂದು ವೃದ್ಧರಿಗೆ ಮೀಸಲು. ಕೊಳ್ಳುವ ಶಕ್ತಿಯಿಲ್ಲದ ವಿದ್ಯಾರ್ಥಿಯೂ, ಪಿಂಚಣಿಯ ಮೇಲೆ ಬದುಕುವ ಅಜ್ಜಿಯೂ ಒಂದೇ ದಾರಿಯಲ್ಲಿ ಓಡಾಡುವಂತೆ ಅಲ್ಲಿ ಒಡೆತನದ ನಕ್ಷೆಯನ್ನೇ ಬೇರೆ ರೀತಿ ಬರೆಯಲಾಗಿದೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 2013ರಲ್ಲಿ ಜನ ಬಂದು ನೆಲಸಿದ, 20 ಮನೆಗಳ ಲೈಲಾಕ್ ಎಂಬ ವಸತಿ ಹಳ್ಳಿಯದಲ್ಲದಿದ್ದರೂ ಇಲ್ಲಿ ನೆನೆಯತಕ್ಕದ್ದು. ಮರದ ಚೌಕಟ್ಟು ಮತ್ತು ಒಣಹುಲ್ಲಿನ ಗೋಡೆಗಳಿಂದ ಕಟ್ಟಿದ ಆ ಮನೆಗಳೆಲ್ಲ ಸಂಘದವು. ಪ್ರತಿ ಕುಟುಂಬ ತನ್ನ ನಿವ್ವಳ ಆದಾಯದ ಶೇಕಡಾ 35ರಷ್ಟನ್ನು ತಿಂಗಳು ತಿಂಗಳು ಕಟ್ಟಿ ಸಂಘದಲ್ಲಿ ಪಾಲು ಗಳಿಸುತ್ತದೆ, ಬಿಟ್ಟುಹೋಗುವಾಗ ಆ ಪಾಲಿನ ಬೆಲೆ ಮನೆಗಳ ಮಾರುಕಟ್ಟೆಯನ್ನಲ್ಲ, ಜನರ ಸಂಬಳದ ಏರಿಳಿತವನ್ನು ಹಿಂಬಾಲಿಸುತ್ತದೆ. ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ, ಬರುವವರಿಗೆ ಬೆಲೆ ಆಕಾಶಕ್ಕೇರಿರುವುದಿಲ್ಲ.

ಮೇಷ್ಟ್ರು: ಇದು ಗಂಭೀರವಾಗಿ ಪರಿಗಣಿಸಬೇಕಾದ ವ್ಯವಸ್ಥೆ. ಆದರೆ ಡೆನ್ಮಾರ್ಕಿನಲ್ಲಿ ಬಾಡಿಗೆ ವಸತಿಯನ್ನು ಕಟ್ಟುವ, ಸಾರ್ವಜನಿಕ ನೆರವಿರುವ ಸಂಸ್ಥೆಗಳ ದೀರ್ಘ ಪರಂಪರೆಯಿದೆ. ಆ ಆಸರೆ ಇಲ್ಲದ ಕಡೆ ಕೂಡುವಸತಿ ಎಂಬುದು ವಿದ್ಯಾವಂತ ಮಧ್ಯಮವರ್ಗದವರ ಊರಾಗಿಯೇ ಉಳಿಯುತ್ತದೆ. ಇಥಾಕಾದಲ್ಲಿ ಸಹ ಹೊಲವನ್ನು ನಂಬಿ ಬದುಕುವವರು ಬೆರಳೆಣಿಕೆಯವರು. ಹತ್ತು ಎಕರೆಯಷ್ಟು ಜಾಗದಲ್ಲಿ ಸಾವಯವ ತರಕಾರಿ ಬೆಳೆದು, ವರ್ಷದ ಆರಂಭದಲ್ಲಿಯೇ ಹಣ ಕಟ್ಟಿದ ಗ್ರಾಹಕರಿಗೆ ವಾರವಾರವೂ ಪಾಲು ಕೊಡುವ ಒಂದು ತೋಟ ಅಲ್ಲಿದೆ, ಅದು ಒಳ್ಳೆಯದೇ. ಆದರೆ ಉಳಿದವರ ಜೀವನೋಪಾಯ ಪಟ್ಟಣದ ಕಚೇರಿ, ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳಂಥ ಕಡೆ. ನೆಲದಿಂದ ಅನ್ನ ಪಡೆಯದವರು ಹೊಲದ ನಡುವೆ ವಾಸಿಸಿದ ಮಾತ್ರಕ್ಕೆ ಅದನ್ನು ಹಳ್ಳಿ ಎನ್ನಬಹುದೇ?

ವಾಸ್ತುಶಿಲ್ಪಿ: ಇಂದಿನ ಕರ್ನಾಟಕದ ಹಳ್ಳಿಗಳಲ್ಲಿಯೇ ಎಷ್ಟು ಮನೆಗಳಿಗೆ ಅನ್ನ ನೆಲದಿಂದ ಬರುತ್ತದೆ, ಎಷ್ಟಕ್ಕೆ ಬೆಂಗಳೂರಿನ ಸೆಕ್ಯೂರಿಟಿ ಕೆಲಸದಿಂದ, ಗಾರ್ಮೆಂಟ್ಸ್ ಕಾರ್ಖಾನೆಯಿಂದ ಬರುತ್ತದೆ? ನಗರದ ಸಂಬಳದಿಂದ ಬದುಕುವುದು ಹಳ್ಳಿಯನ್ನು ಹಳ್ಳಿಯಲ್ಲದಂತೆ ಮಾಡುವುದಾದರೆ ಈಗ ಉಳಿದಿರುವ ಹಳ್ಳಿಗಳು ಕಡಿಮೆಯೇ.

ಮೇಷ್ಟ್ರು: ಆ ಮಾತು ಸರಿ, ಆದರೆ ಕರ್ನಾಟಕದ ಸಂದರ್ಭದಲ್ಲಿ ಅಪಾಯ ಇನ್ನೂ ಹೆಚ್ಚು. 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು ಮತ್ತು ಕೃಷಿಯೇತರ ಮೂಲದಿಂದ ಹೆಚ್ಚಿನ ಆದಾಯವಿರುವವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದವು. 2020ರ ತಿದ್ದುಪಡಿ ಅವನ್ನು ಕೈಬಿಟ್ಟಿತು. ಅಂದಿನಿಂದ ನಗರದ ಸುತ್ತ ಫಾರ್ಮ್ ಪ್ಲಾಟುಗಳ ಜಾಹೀರಾತುಗಳಿಗೆ ಕೊನೆಯಿಲ್ಲ. ಸುತ್ತ ತಂತಿಬೇಲಿ, ಒಳಗೆ ಮಾವಿನ ಸಸಿ, ವಾರಾಂತ್ಯಕ್ಕೊಮ್ಮೆ ಬರುವ ಒಡೆಯ, ಆಳವಾದ ಕೊಳವೆಬಾವಿ. ಕೂಡುವಸತಿಯೂ ಅದೇ ದಾರಿಯಲ್ಲಿ ಜಮೀನು ಕೊಂಡರೆ, ಜಮೀನು ಮಾರಿದ ರೈತನ ಮಗ ಅದೇ ಗೇಟಿನಲ್ಲಿ ಕಾವಲುಗಾರನಾಗಿ ನಿಲ್ಲುತ್ತಾನೆ. ಪರಿಸರಸ್ನೇಹಿ ಬದುಕಿಗೆ ಹೊಸ ವಸತಿಯೇ ಬೇಕಿಲ್ಲ. ಇರುವ ಊರಿನಲ್ಲಿಯೇ ಅದು ಸಾಧ್ಯ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ಅಸ್ತ್ರ ಎಂಬ ವಿಭಾಗದವರು, ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯನ್ನು ನಾಡಿಗೆ ಕೊಟ್ಟವರು, ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಊರೊಟ್ಟಿನ ಸಗಣಿ ಅನಿಲ ಸ್ಥಾವರವನ್ನು ಕಟ್ಟಿದರು. ಮೊದಲು ಆ ಅನಿಲವನ್ನು ಅಡುಗೆಗೆ ಕೊಡಲು ಹೋದಾಗ ಎಲ್ಲ ಮನೆಗಳಿಗೂ ಸಾಲದೆ ಯತ್ನ ಕೈಗೂಡಲಿಲ್ಲ. ಆಮೇಲೆ ಊರಿನವರ ಮೊದಲ ಬೇಡಿಕೆ ಕುಡಿಯುವ ನೀರು ಎಂಬುದನ್ನು ಅರಿತು, 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ನಲ್ಲಿ ಮತ್ತು ದೀಪ ಒದಗಿಸಿದರು. ಸಗಣಿಯನ್ನು ತೂಕ ಮಾಡಿ ತಂದುಕೊಟ್ಟವರಿಗೆ ಅದಕ್ಕೆ ತಕ್ಕ ಹಣ ಸಂದಾಯವಾಗುತ್ತಿತ್ತು, ಅನಿಲ ತೆಗೆದ ಮೇಲೆ ಉಳಿದ ಗೊಬ್ಬರ ಅವರಿಗೇ ಮರಳುತ್ತಿತ್ತು. ಅಲ್ಲಿ ಯಾರೂ ಹೊಸದಾಗಿ ನೆರೆಯವರನ್ನು ಆರಿಸಿಕೊಳ್ಳಲಿಲ್ಲ, ಇದ್ದ ನೆರೆಯೇ ಸಾಕಾಯಿತು.

ಪುರದ ಉದಾಹರಣೆ ಬಂದೊಡನೆ ವಾಸ್ತುಶಿಲ್ಪಿಯ ಧ್ವನಿ ಇನ್ನಷ್ಟು ಗಟ್ಟಿಯಾಯಿತು, ಏಕೆಂದರೆ ಹಿಂದೆ ಉತ್ತರವಿಲ್ಲದೆ ಉಳಿದಿದ್ದ ಪ್ರಶ್ನೆ ಮತ್ತೆ ಎದುರಿಗೆ ಬಂದಿತ್ತು.

ವಾಸ್ತುಶಿಲ್ಪಿ: ಆ ಯೋಜನೆ ನೀರನ್ನು ಮನೆಗಳ ನಲ್ಲಿಗೆ ತಲುಪಿಸಿತು, ಅದು ದೊಡ್ಡ ಸಾಧನೆ, ಆದರೆ ಊರಿನವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸುವ ಕೆಲಸವನ್ನು ಅದು ಕೈಗೆತ್ತಿಕೊಂಡಿರಲಿಲ್ಲ. ಕೂಡುವಸತಿ ಮಾಡಹೊರಟಿರುವುದು ಅದನ್ನೇ. ಇರುವ ಊರಿನ ಒಗ್ಗಟ್ಟನ್ನು ಹೊಗಳುವಾಗ ಆ ಊರಿನ ನಕ್ಷೆಯನ್ನೂ ನೋಡಬೇಕು, ಮೇಷ್ಟ್ರೇ: ಮೇಲಿನ ಕೇರಿ, ಕೆಳಗಿನ ಕೇರಿ, ಬಾವಿಗಳ ನಡುವಿನ ದೂರ, ದೇವಸ್ಥಾನದ ಎದುರು ನಿಲ್ಲಬಹುದಾದ ಜಾಗ ಮತ್ತು ನಿಲ್ಲಬಾರದ ಜಾಗ. ಆ ನೆರೆಯನ್ನು ಯಾರೂ ಆರಿಸಿಕೊಂಡಿರಲಿಲ್ಲ ಎಂಬುದೇ ಅನೇಕರ ಪಾಲಿಗೆ ಅದರ ಕ್ರೌರ್ಯವಾಗಿತ್ತು. ಒಬ್ಬ ಹೆಣ್ಣುಮಗಳು ತನ್ನ ಜಾತಿಯನ್ನು ಯಾರೂ ಕೇಳದ ಅಡುಗೆಮನೆಯಲ್ಲಿ ಸರದಿಯಂತೆ ಸಾರು ಕುದಿಸಿ ಮೂವತ್ತು ಮನೆಯವರಿಗೆ ಬಡಿಸುವುದು ಸಾಧ್ಯವಾಗಬೇಕಾದರೆ ಹೊಸ ಜಾಗವೇ ಬೇಕಾಗಬಹುದು.

ಮೇಷ್ಟ್ರು: ಈ ಮಾತಿನ ಎದುರು ಹಳೆಯ ಊರಿನ ಪರವಾಗಿ ವಾದಿಸಲು ಉಳಿದಿರುವುದು ಕಡಿಮೆ. ಆದರೂ ಒಂದು ಎಚ್ಚರ ಬೇಕು. ಜಾತಿಯನ್ನು ಕೇಳದೆ ಇರುವುದು ಮತ್ತು ಜಾತಿ ಇಲ್ಲದೆ ಇರುವುದು ಬೇರೆಬೇರೆ. ಪರಿಚಯದವರ ಪರಿಚಯದ ಮೂಲಕ ಕುಟುಂಬಗಳು ಕೂಡುವಾಗ, ಜಮೀನಿಗೆ ಹಣ ಹಾಕಬಲ್ಲವರು ಮಾತ್ರ ಕೂಡುವಾಗ, ಸಭೆಯ ಭಾಷೆಯನ್ನು ಸಲೀಸಾಗಿ ಆಡಬಲ್ಲವರು ಮಾತ್ರ ಉಳಿಯುವಾಗ, ಯಾರೂ ಯಾರನ್ನೂ ಹೊರಗಿಡದೆಯೇ ಮೂವತ್ತು ಮನೆಗಳೂ ಒಂದೇ ಬಗೆಯವಾಗಿಬಿಡುತ್ತವೆ. ನಿನ್ನ ನಕ್ಷೆಗೆ ಒಪ್ಪಿರುವ ಕುಟುಂಬಗಳಲ್ಲಿ, ವಸತಿ ಕಟ್ಟಬೇಕೆಂದಿರುವ ಊರಿನಿಂದ ಬಂದದ್ದು ಒಂದಾದರೂ ಇದೆಯೇ?

ವಾಸ್ತುಶಿಲ್ಪಿ: ಇಲ್ಲ. ಅದನ್ನು ಮರೆಮಾಚುವುದು ಸರಿಯಲ್ಲ.

ಮೇಷ್ಟ್ರು: ಹಾಗಿದ್ದರೂ ಆ ಕುಟುಂಬಗಳು ಇದನ್ನು ಬಯಸುವುದೇಕೆ? ನಗರದಲ್ಲಿ ಅವರಿಗೆ ಯಾವ ಕೊರತೆ?

ವಾಸ್ತುಶಿಲ್ಪಿ: ಒಂಟಿತನದ ಕೊರತೆಯಿಲ್ಲ, ಅದೇ ಕಾರಣ. ಅವರಲ್ಲಿ ಅರ್ಧದಷ್ಟು ಜನ ಅರವತ್ತರ ಹತ್ತಿರದವರು, ಮಕ್ಕಳು ಹೊರದೇಶದಲ್ಲಿರುವವರು. ವೃದ್ಧಾಶ್ರಮಕ್ಕೆ ಹೋಗಲು ಅವರಿಗೆ ಮನಸ್ಸಿಲ್ಲ, ಅಪಾರ್ಟ್‌ಮೆಂಟಿನ ಮುಚ್ಚಿದ ಬಾಗಿಲ ಹಿಂದೆ ಬೀಳಲೂ ಮನಸ್ಸಿಲ್ಲ. ಮುಂಕ್ಸೋಗೋರ್‌ನಲ್ಲಿ ವೃದ್ಧರಿಗೆ ಒಂದು ಗುಂಪು ಮನೆಗಳನ್ನೇ ಮೀಸಲಿಟ್ಟದ್ದು ಕೂಡ ಇದೇ ಅಗತ್ಯವನ್ನು ಮನಗಂಡು. ಮಲೆನಾಡಿನ ದೊಡ್ಡ ಮನೆಗಳಲ್ಲಿ ಇಂದು ಎಷ್ಟು ಕಡೆ ಎಂಬತ್ತು ದಾಟಿದ ಇಬ್ಬರೇ ಉಳಿದು, ಇಪ್ಪತ್ತು ಕೋಣೆಗಳಿಗೆ ಬೀಗ ಹಾಕಿಕೊಂಡಿದ್ದಾರೆ ಎಂಬುದು ಮೇಷ್ಟ್ರಿಗೆ ಬೇರೆಯವರು ತಿಳಿಸಬೇಕಾದ ವಿಷಯವಲ್ಲ. ಆ ಮನೆಗಳು ಅವರನ್ನು ಕಾಪಾಡಲಿಲ್ಲ.

ಮೇಷ್ಟ್ರು: ಕಾಪಾಡಲಿಲ್ಲ, ನಿಜ. ಆದರೆ ಅರವತ್ತರವರೇ ಸೇರಿದ ವಸತಿಯಲ್ಲಿ ಇಪ್ಪತ್ತು ವರ್ಷಗಳ ನಂತರ ಸರದಿಯ ಅಡುಗೆಯನ್ನು ಯಾರು ಮಾಡುತ್ತಾರೆ, ಬಿದ್ದವರನ್ನು ಯಾರು ಎತ್ತುತ್ತಾರೆ? ಸಂಬಳದ ಆಳುಗಳು. ಅವರು ಎಲ್ಲಿರುತ್ತಾರೆ, ಸಮೂಹದ ಊಟದ ಮನೆಯಲ್ಲಿ ಅವರಿಗೆ ಎಲೆ ಹಾಕಲಾಗುತ್ತದೆಯೇ, ತಿಂಗಳ ಸಭೆಯಲ್ಲಿ ಅವರ ಮಾತಿಗೆ ಜಾಗವಿದೆಯೇ?

ವಾಸ್ತುಶಿಲ್ಪಿ: ಆ ಚರ್ಚೆ ಕುಟುಂಬಗಳ ನಡುವೆ ಈಗಾಗಲೇ ಎದ್ದಿದೆ. ಹೊಲದಲ್ಲಿ ಮತ್ತು ವಸತಿಯಲ್ಲಿ ದುಡಿಯುವವರಿಗಾಗಿ ಕೆಲವು ಮನೆಗಳನ್ನು, ಅದೇ ಸಾಲಿನಲ್ಲಿ, ಅದೇ ಅಳತೆಯಲ್ಲಿ, ಬಾಡಿಗೆಗೆ ಮೀಸಲಿಡಲು ಎಲ್ಲರೂ ಒಪ್ಪಿದ್ದಾರೆ. ಪಂಕ್ತಿಗೂ ಒಪ್ಪಿದ್ದಾರೆ. ತೀರ್ಮಾನದಲ್ಲಿ ಹಕ್ಕು ಕೊಡುವ ವಿಷಯ ಬಂದಾಗ ಸಭೆ ಒಡೆದಿದೆ: ಹಣ ಹಾಕದವರು ಖರ್ಚಿನ ಬಗ್ಗೆ ಹೇಗೆ ತೀರ್ಮಾನಿಸಬೇಕೆಂದು ಕೆಲವರು ಕೇಳುತ್ತಾರೆ.

ಮೇಷ್ಟ್ರು: ಮನೆಗಳ ನಕ್ಷೆಗಿಂತ ಮೊದಲು ಬರೆಯಬೇಕಾದದ್ದು ಆ ಕರಾರು, ಅದರ ಜೊತೆಗೆ, ಮನೆ ಬಿಟ್ಟುಹೋಗುವವರ ಪಾಲಿನ ಬೆಲೆಯನ್ನು ಯಾವ ಅಳತೆಯಿಂದ ಕಟ್ಟಬೇಕೆಂಬ ಕರಾರು. ಇವೆರಡೂ ಇತ್ಯರ್ಥವಾಗುವವರೆಗೆ ಜಮೀನಿಗೆ ಮುಂಗಡ ಕೊಡುವುದು ಸರಿಯಲ್ಲ.

ವಾಸ್ತುಶಿಲ್ಪಿ: ಮುಂಗಡ ಕೊಡದೆ ಇದ್ದರೆ ಆ ಜಮೀನನ್ನು ಫಾರ್ಮ್ ಪ್ಲಾಟಿನವರು ಕೊಳ್ಳುತ್ತಾರೆ, ಮೇಷ್ಟ್ರೇ. ಅವರು ಈಗಾಗಲೇ ಸರ್ವೆ ಮಾಡಿಸಿ ಕಲ್ಲು ನೆಡಿಸಲು ಓಡಾಡುತ್ತಿದ್ದಾರೆ, ಮಾರುವ ರೈತನಿಗೂ ಮಗಳ ಮದುವೆಯ ಅವಸರವಿದೆ.

ಮೇಷ್ಟ್ರು: ಅವಸರದಲ್ಲಿ ಕೊಂಡರೆ ಕರಾರು ಎಂದೂ ಬರೆಯಲಾಗುವುದಿಲ್ಲ, ಕೊಂಡ ಮೇಲೆ ಪ್ರತಿಯೊಬ್ಬರಿಗೂ ತಮ್ಮ ಗುಂಟೆಯ ಬೆಲೆ ಕಣ್ಣಿಗೆ ಕಾಣತೊಡಗುತ್ತದೆ. ಮುಂದಿನ ಸಭೆ ಯಾವಾಗ?

ವಾಸ್ತುಶಿಲ್ಪಿ: ಈ ಭಾನುವಾರ. ಕಾರ್ಯಸೂಚಿಯಲ್ಲಿ ಮೊದಲ ವಿಷಯ ಜಮೀನು, ಮೂರನೆಯದು ಮತದ ಹಕ್ಕು. ಮೂರನೆಯದನ್ನು ಮೊದಲಿಗೆ ತರಬೇಕೆಂದು ಕೇಳಿದರೆ ಅದಕ್ಕೂ ಒಮ್ಮತ ಬೇಕಾಗುತ್ತದೆ, ಮತ್ತು ಅದು ಸಿಗುತ್ತದೆಂಬ ಭರವಸೆಯನ್ನು ಈಗಲೇ ಕೊಡಲಾಗದು.